ಸರ್ಕಾರದ ಹಣ, ಸಣ್ಣ ಪತ್ರಿಕೆ: ಥಾಣೆ–ಕಲ್ಯಾಣ್ ಸೀಮೆಯ ಚರಿತ್ರೆ

ಸಂಕಷ್ಟದಲ್ಲಿರುವ ಸ್ಥಳೀಯ ಪತ್ರಿಕೆಯನ್ನು ಸಾರ್ವಜನಿಕ ಬೊಕ್ಕಸದ ಹಣದಿಂದ ಉಳಿಸಬೇಕೇ ಎಂಬ ಚರ್ಚೆ ಈಚಿನದೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಥಾಣೆ, ಮುಂಬ್ರಾ, ಡೊಂಬಿವಲಿ, ಕಲ್ಯಾಣ್ ಹಾಗೂ ಖಾಡಿಯಾಚೆಯ ನವಿಮುಂಬಯಿಗಳನ್ನು ಒಳಗೊಂಡ ಸೀಮೆಯ ಪತ್ರಿಕಾ ಚರಿತ್ರೆಯನ್ನು ಹಿಂದಕ್ಕೆ ಓದುತ್ತ ಹೋದರೆ, ಸರ್ಕಾರದ ಹಣಕ್ಕೂ ಸಣ್ಣ ಪತ್ರಿಕೆಗೂ ಇರುವ ನಂಟು ಒಂದೂವರೆ ಶತಮಾನದಷ್ಟು ಹಳೆಯದೆಂಬುದು ಕಾಣುತ್ತದೆ. ಆ ಹಣ ‘ಅನುದಾನ’ ಎಂಬ ನೇರ ಹೆಸರಿನಲ್ಲಿ ಬಂದದ್ದು ತೀರ ಅಪರೂಪ. ಅಂಚೆಯ ರಿಯಾಯಿತಿಯಾಗಿ, ಮುದ್ರಣ ಕಾಗದದ ಕೋಟಾ ಆಗಿ, ಕಾನೂನು ಕಡ್ಡಾಯಗೊಳಿಸಿದ ನೋಟಿಸಾಗಿ, ಇಲಾಖೆಗಳ ಜಾಹೀರಾತಾಗಿ ಅದು ಬಂದಿತು. ಇವುಗಳಲ್ಲಿ ಪ್ರತಿಯೊಂದೂ ಬೇರೆಯೇ ಒಂದು ಉದ್ದೇಶಕ್ಕೆ ಹುಟ್ಟಿದ ಏರ್ಪಾಡು, ಪತ್ರಿಕೆ ಬದುಕಿಕೊಂಡದ್ದು ಅದರ ಉಪಫಲ. ಹೀಗಾಗಿ ಹಣ ಯಾರಿಗೆ ಸಲ್ಲಬೇಕೆಂಬುದನ್ನು ನಿರ್ಧರಿಸಿದ್ದು ಓದುಗರ ಅಗತ್ಯವಲ್ಲ, ಆಯಾ ಏರ್ಪಾಡಿನ ಅಳತೆಗೋಲು. ಪ್ರಸಾರದ ಸಂಖ್ಯೆ, ಭಾಷೆ, ರಾಜ್ಯ ಎಂಬ ಈ ಅಳತೆಗಳಲ್ಲಿ ಯಾವುದಕ್ಕೂ ಸರಿಯಾಗಿ ಹೊಂದದೆ ಉಳಿದದ್ದು ಇದೇ ಸೀಮೆಯ ಕನ್ನಡ ಓದುಗರ ಪತ್ರಿಕೆ.

ಈ ಊರುಗಳನ್ನು ಒಂದೇ ಓದುಗವಲಯವನ್ನಾಗಿ ಮಾಡಿದ್ದು ರೈಲು. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಥಾಣೆಗೆ ಬಂದ ಮೊದಲ ಪ್ರಯಾಣಿಕ ರೈಲಿನ ಹಳಿ, ಮರುವರ್ಷ ಮೇ 1ರ ಹೊತ್ತಿಗೆ ಖಾಡಿಯ ಮೇಲಿನ ಸೇತುವೆಯನ್ನೂ ಪಾರಸಿಕ ಗುಡ್ಡದ ಸುರಂಗಗಳನ್ನೂ ದಾಟಿ ಕಲ್ಯಾಣ್ ತಲುಪಿತು. ಖಾಡಿ ಎಂದರೆ ಕಡಲು ಒಳನಾಡಿಗೆ ಚಾಚಿಕೊಂಡ ಉಪ್ಪುನೀರಿನ ಹರವು. ಆ ಖಾಡಿಗೂ ಗುಡ್ಡಕ್ಕೂ ನಡುವಿನ ಇಕ್ಕಟ್ಟಿನ ನೆಲವೇ ಮುಂಬ್ರಾ. ಮುಂಬಯಿಯಲ್ಲಿ ರಾತ್ರಿ ಅಚ್ಚಾದ ಪತ್ರಿಕೆ ಬೆಳಗಾಗುವುದರೊಳಗೆ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಕಟ್ಟು ಬಿಚ್ಚಿಸಿಕೊಳ್ಳುವ ಪದ್ಧತಿಗೆ ತಳಹದಿ ಬಿದ್ದದ್ದು ಆಗಲೇ. ಹಾಗಿದ್ದೂ ಜಿಲ್ಲಾ ಕೇಂದ್ರವಾದ ಥಾಣೆಗೆ ತನ್ನದೇ ಪತ್ರಿಕೆ ಬೇಕೆನಿಸಿತು. ಕಲೆಕ್ಟರ್ ಕಚೇರಿ, ಜಿಲ್ಲಾ ನ್ಯಾಯಾಲಯ, ಕೋಟೆಯೊಳಗಿನ ಸೆರೆಮನೆ ಇವೆಲ್ಲ ಇದ್ದ ಊರಿನಲ್ಲಿ ವಕೀಲರು, ಗುಮಾಸ್ತರು, ಶಾಲಾ ಮಾಸ್ತರರು ಓದುಗರಾಗಿ ಸಿಕ್ಕಿದರು; 1866ರಲ್ಲಿ ಕಾಶಿನಾಥ ವಿಷ್ಣು ಫಡ್ಕೆಯವರು ‘ಅರುಣೋದಯ’ ಎಂಬ ಮರಾಠಿ ವಾರಪತ್ರಿಕೆಯನ್ನು ಆರಂಭಿಸಿದರು, ಮುಂದೆ ‘ಹಿಂದೂ ಪಂಚ್’ ಎಂಬ ವಿಡಂಬನೆಯ ಪತ್ರಿಕೆಯೂ ಇದೇ ಊರಿನಿಂದ ಹೊರಟಿತು. 1893ರಲ್ಲಿ ಮರಾಠಿ ಗ್ರಂಥಸಂಗ್ರಹಾಲಯ ಸ್ಥಾಪನೆಯಾಗುವ ವೇಳೆಗೆ ಥಾಣೆಗೆ ಓದುವ ಊರೆಂಬ ಹೆಸರು ಸಲ್ಲತೊಡಗಿತ್ತು.

ಬ್ರಿಟಿಷ್ ಸರ್ಕಾರ ಇಂಥ ಪತ್ರಿಕೆಗಳನ್ನು ಮೊದಲು ಎಣಿಸಿದ್ದು ಪೋಷಿಸುವುದಕ್ಕಲ್ಲ, ಕಣ್ಣಿಡುವುದಕ್ಕೆ. ಮುಂಬಯಿ ಪ್ರಾಂತದಲ್ಲಿ ದೇಶಭಾಷಾ ಪತ್ರಿಕೆಗಳ ಬರಹಗಳನ್ನು ಅನುವಾದಿಸಿ ವಾರವಾರ ಗುಪ್ತ ವರದಿ ಸಿದ್ಧಪಡಿಸುವ ಪದ್ಧತಿ ಇತ್ತು. ಆ ವರದಿಗಳಲ್ಲಿ ಪತ್ರಿಕೆಯ ಹೆಸರು, ಊರು, ಅದರ ಪ್ರತಿಗಳ ಸಂಖ್ಯೆ ಪಟ್ಟಿಯಾಗಿ ಅಚ್ಚಾಗುತ್ತಿದ್ದವು. ಸ್ವತಂತ್ರ ಭಾರತದಲ್ಲಿ ಜಾಹೀರಾತಿನ ಹಣ ಹಂಚುವುದಕ್ಕೆ ಆಧಾರವಾದ ‘ಪ್ರಸಾರ ಸಂಖ್ಯೆ’ ಎಂಬ ಅಳತೆ, ತನ್ನ ಹಿಂದಿನ ಜನ್ಮದಲ್ಲಿ ಯಾವ ಪತ್ರಿಕೆ ಎಷ್ಟು ಅಪಾಯಕಾರಿ ಎಂದು ತಿಳಿಯುವ ಸಾಧನವಾಗಿತ್ತೆಂಬುದನ್ನು ಮರೆಯುವಂತಿಲ್ಲ. ಹಣ ಹರಿದ ದಿಕ್ಕೂ ಆಗ ತಿರುಗುಮುರುಗಾಗಿತ್ತು. 1910ರ ಪ್ರೆಸ್ ಕಾಯಿದೆಯ ಪ್ರಕಾರ ಹೊಸದಾಗಿ ಮುದ್ರಣಾಲಯ ತೆರೆಯುವವರು 500ರಿಂದ 2,000 ರೂಪಾಯಿಯವರೆಗೆ ಠೇವಣಿ ಇಡಬೇಕಾಗಿತ್ತು, ಅದು ಒಮ್ಮೆ ಮುಟ್ಟುಗೋಲಾದರೆ ಮರಳಿ ಆರಂಭಿಸಲು 10,000 ರೂಪಾಯಿಯವರೆಗೂ ಕೇಳಬಹುದಾಗಿತ್ತು. ಕೆಲವೇ ನೂರು ಚಂದಾದಾರರ ಮೇಲೆ ನಿಂತ ಮೊಫಸ್ಸಿಲ್ ಪತ್ರಿಕೆಗೆ, ಅಂದರೆ ರಾಜಧಾನಿಯಿಂದ ಹೊರಗಿನ ಊರಿನ ಪತ್ರಿಕೆಗೆ, ಇದು ಬಾಗಿಲು ಹಾಕಿಸುವ ಮೊತ್ತ. ನೇರ ಸಹಾಯಧನದ ಪ್ರಯೋಗವೂ ಅದೇ ಹೊತ್ತಿಗೆ ನಡೆಯಿತು. ಬಂಗಾಳದ ಸರ್ಕಾರ 1911ರಲ್ಲಿ ನರೇಂದ್ರನಾಥ ಸೇನರ ‘ಸುಲಭ ಸಮಾಚಾರ’ದ ಸಾವಿರಾರು ಪ್ರತಿಗಳನ್ನು ತಾನೇ ಕೊಂಡು ಹಂಚುವ ಏರ್ಪಾಡು ಮಾಡಿತು, ಸರ್ಕಾರದ ಕೂಲಿಯ ಪತ್ರಿಕೆ ಎಂದು ಜನ ಅದನ್ನು ದೂರವಿಟ್ಟರು. ಪತ್ರಿಕೆಗೆ ನೇರ ಹಣವೆಂದರೆ ಭಾರತೀಯ ಸಂಪಾದಕರು ಇಂದಿಗೂ ಹುಬ್ಬೇರಿಸುವುದಕ್ಕೆ ಈ ನೆನಪೂ ಒಂದು ಕಾರಣವಿದ್ದೀತು.

ಇದೇ ಮುಂಬಯಿ ಪ್ರಾಂತದ ಕನ್ನಡ ಭಾಗದಲ್ಲಿ ಮಾತ್ರ ಇದಕ್ಕಿಂತ ಸೌಮ್ಯವಾದ ಒಂದು ದೃಷ್ಟಾಂತವಿದೆ. 1860ರ ದಶಕದಲ್ಲಿ ವಿದ್ಯಾ ಇಲಾಖೆ ತನ್ನ ಖರ್ಚಿನಲ್ಲಿ ಶಾಲಾ ಶಿಕ್ಷಕರಿಗಾಗಿ ಹೊರಡಿಸಿದ ‘ಮಠಪತ್ರಿಕೆ’, ಮರಾಠಿಯೇ ಆಡಳಿತದ ಭಾಷೆಯಂತಿದ್ದ ಧಾರವಾಡ, ಬೆಳಗಾವಿಗಳಲ್ಲಿ ಕನ್ನಡ ಗದ್ಯಕ್ಕೆ ನೆಲೆ ಒದಗಿಸಿತು. ಅದು ಸುದ್ದಿ ಪತ್ರಿಕೆಯಲ್ಲ, ನಿಜ. ಆದರೆ ಸಂಖ್ಯೆಯಲ್ಲಿ ಕಡಿಮೆಯಾದ ಭಾಷಿಕರ ಪತ್ರಿಕೆ ಮಾರುಕಟ್ಟೆಯ ಬಲದಿಂದಲೇ ಹುಟ್ಟಬೇಕೆಂಬ ನಿಯಮವೇನೂ ಆಗ ಇರಲಿಲ್ಲ.

ಸಾರ್ವಜನಿಕ ಹಣ ಸದ್ದಿಲ್ಲದೆ ಹರಿದ ಮೊದಲ ದಾರಿ ಅಂಚೆ. ಅಮೆರಿಕದ ಸಂಯುಕ್ತ ಸಂಸ್ಥಾನ 1792ರಲ್ಲೇ ಪತ್ರಿಕೆಗಳಿಗೆ ಕಾಗದಪತ್ರಗಳಿಗಿಂತ ಬಹಳ ಕಡಿಮೆ ದರ ನಿಗದಿಪಡಿಸಿ, 1851ರಲ್ಲಿ ವಾರಪತ್ರಿಕೆಗಳು ತಮ್ಮ ಕೌಂಟಿಯೊಳಗೆ, ಅಂದರೆ ಸ್ವಂತ ಜಿಲ್ಲೆಯೊಳಗೆ, ಪುಕ್ಕಟೆಯಾಗಿ ತಲುಪುವಂತೆ ಮಾಡಿತ್ತು. ಭಾರತದಲ್ಲಿಯೂ ಅಂಚೆ ಇಲಾಖೆಯಲ್ಲಿ ‘ನೋಂದಾಯಿತ ಪತ್ರಿಕೆ’ ಎಂದು ಹೆಸರು ಬರೆಸಿದ ಪತ್ರಿಕೆಯ ಒಂಟಿ ಪ್ರತಿ 50 ಗ್ರಾಂ ತೂಕದವರೆಗೆ 25 ಪೈಸೆಗೆ ದೇಶದ ಯಾವ ಮೂಲೆಗಾದರೂ ಹೋಗುವ ದರ ದೀರ್ಘಕಾಲ ಉಳಿದುಬಂದಿತು. ತಲುಪಿಸುವ ನಿಜವಾದ ವೆಚ್ಚಕ್ಕೂ ಈ ದರಕ್ಕೂ ಇರುವ ಅಂತರವನ್ನು ತುಂಬಿದ್ದು ಬೊಕ್ಕಸ. ಹುಬ್ಬಳ್ಳಿಯ, ಮಣಿಪಾಲದ, ಬೆಂಗಳೂರಿನ ಕನ್ನಡ ವಾರಪತ್ರಿಕೆ, ಮಾಸಿಕಗಳು ಕಲ್ಯಾಣಿನ ಚಾಳುಗಳಿಗೆ ಬರುತ್ತಿದ್ದುದು, ಮುಂಬಯಿಯ ಸಂಘಗಳ ಮುಖವಾಣಿಗಳು ಊರಿನ ಮನೆಗಳಿಗೆ ಹೋಗುತ್ತಿದ್ದುದು ಈ ರಿಯಾಯಿತಿಯ ಮೇಲೆಯೇ. ಭಾಷೆ ಯಾವುದು, ರಾಜ್ಯ ಯಾವುದು ಎಂದು ಕೇಳದ ನೆರವು ಇದೊಂದೇ ಎಂಬುದನ್ನು ಇಲ್ಲಿಯೇ ಗುರುತಿಸಿಡಬೇಕು.

ಸ್ವಾತಂತ್ರ್ಯಾನಂತರ ಸಣ್ಣ ಪತ್ರಿಕೆಯ ಉಳಿವು ರಾಷ್ಟ್ರೀಯ ನೀತಿಯ ವಿಷಯವಾಯಿತು. ನ್ಯಾಯಮೂರ್ತಿ ಜಿ. ಎಸ್. ರಾಜಾಧ್ಯಕ್ಷರ ನೇತೃತ್ವದಲ್ಲಿ 1952ರಲ್ಲಿ ನೇಮಕವಾಗಿ 1954ರಲ್ಲಿ ವರದಿ ಒಪ್ಪಿಸಿದ ಮೊದಲ ಪ್ರೆಸ್ ಆಯೋಗಕ್ಕೆ ಕಂಡ ಮುಖ್ಯ ತೊಡಕೆಂದರೆ, ಜಾಹೀರಾತಿನ ಹಣವುಳ್ಳ ದೊಡ್ಡ ಪತ್ರಿಕೆ ಕಡಿಮೆ ಬೆಲೆಗೆ ಹೆಚ್ಚು ಪುಟ ಕೊಟ್ಟು ಚಿಕ್ಕದನ್ನು ನುಂಗುವ ಸ್ಥಿತಿ. ಆಯೋಗ ಸೂಚಿಸಿದ ಪರಿಹಾರ ಅನುದಾನವಲ್ಲ, ‘ಬೆಲೆ–ಪುಟ ಪಟ್ಟಿ’. ಅಂದರೆ ಇಷ್ಟು ಬೆಲೆಗೆ ಇಷ್ಟೇ ಪುಟ ಕೊಡಬೇಕೆಂಬ ಕಟ್ಟುಪಾಡು. 1956ರಲ್ಲಿ ಅದಕ್ಕೆ ಕಾಯಿದೆ ಬಂತು, 1960ರಲ್ಲಿ ಆದೇಶ ಹೊರಟಿತು. ಆದೇಶವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದದ್ದು ದೆಹಲಿ, ಕಲಕತ್ತೆಗಳ ದೊಡ್ಡ ಮನೆತನದ ಪತ್ರಿಕೆಯಲ್ಲ, ಪುಣೆಯ ಮರಾಠಿ ದೈನಿಕ ‘ಸಕಾಳ್’. ಏಳು ನಯಾಪೈಸೆ ಬೆಲೆಗೆ ವಾರದ ಆರು ದಿನಗಳಲ್ಲಿ ಒಟ್ಟು 34 ಪುಟ ಕೊಡುತ್ತಿದ್ದ ಆ ಪತ್ರಿಕೆ, ಆದೇಶದಂತೆ ಅದೇ ಬೆಲೆಗೆ 24 ಪುಟಕ್ಕೆ ಇಳಿಯಬೇಕಾಗಿತ್ತು, ಇಲ್ಲವೇ ಬೆಲೆ ಏರಿಸಬೇಕಾಗಿತ್ತು. ಪುಟ ತಗ್ಗಿಸಿದರೂ ಬೆಲೆ ಏರಿಸಿದರೂ ಓದುಗರು ಕಡಿಮೆಯಾಗುತ್ತಾರೆ, ಓದುಗರನ್ನು ಕಡಿಮೆ ಮಾಡುವುದು ವಾಕ್‌ಸ್ವಾತಂತ್ರ್ಯವನ್ನೇ ಮೊಟಕುಗೊಳಿಸಿದಂತೆ ಎಂದು ನ್ಯಾಯಮೂರ್ತಿ ಜೆ. ಆರ್. ಮುಧೋಳಕರರು ಬರೆದ 1961ರ ತೀರ್ಪು ಕಾಯಿದೆಯನ್ನು ತಳ್ಳಿಹಾಕಿತು. ಸಂವಿಧಾನದ ದೃಷ್ಟಿಯಿಂದ ಅದು ಗಟ್ಟಿಯಾದ ತೀರ್ಪು. ಆದರೆ ದೊಡ್ಡದರ ಕೈ ಕಟ್ಟಿ ಚಿಕ್ಕದನ್ನು ಉಳಿಸುವ ದಾರಿ ಅಂದಿಗೇ ಮುಚ್ಚಿತು. ಚಿಕ್ಕದರ ಕೈಗೆ ಏನಾದರೂ ಕೊಡುವ ದಾರಿಯೊಂದೇ ಉಳಿಯಿತು.

ಏನು ಕೊಡಬಹುದೆಂದು ಪರಿಶೀಲಿಸಲು ನೇಮಕವಾದ ಸಣ್ಣ ಪತ್ರಿಕೆಗಳ ವಿಚಾರಣಾ ಸಮಿತಿಗೆ ಅಧ್ಯಕ್ಷರಾದವರು ಕನ್ನಡಿಗರೇ ಆದ ರಂಗನಾಥ ರಾಮಚಂದ್ರ ದಿವಾಕರರು. 1921ರಲ್ಲಿ ಧಾರವಾಡದಿಂದ ‘ಕರ್ಮವೀರ’ ವಾರಪತ್ರಿಕೆಯನ್ನು ಹೊರಡಿಸಿ ಸೆರೆಮನೆ ಕಂಡವರು, ಮುಂದೆ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯನ್ನು ನೋಡಿಕೊಂಡವರು, ‘ಸಂಯುಕ್ತ ಕರ್ನಾಟಕ’ವನ್ನು ನಡೆಸಿದ ಲೋಕಶಿಕ್ಷಣ ಟ್ರಸ್ಟಿನ ಕಟ್ಟಾಳು, ಸರ್ಕಾರದ ಮೇಜಿನ ಎರಡೂ ಬದಿಯಲ್ಲಿ ಕುಳಿತ ಅನುಭವ ಅವರಿಗಿದ್ದಷ್ಟು ಬೇರೆ ಯಾರಿಗೂ ಇರಲಿಲ್ಲವೆನ್ನಬಹುದು. 1965ರಲ್ಲಿ ಹೊರಬಿದ್ದ ಅವರ ಸಮಿತಿಯ ವರದಿಯ ನಂತರ ‘ಸಣ್ಣ’, ‘ಮಧ್ಯಮ’, ‘ದೊಡ್ಡ’ ಎಂಬ ವಿಭಜನೆ ಸರ್ಕಾರದ ಭಾಷೆಯಲ್ಲಿ ಬೇರೂರಿತು. ಪತ್ರಿಕೆಯನ್ನು ಒಬ್ಬನ ಆಸ್ತಿಯಾಗಿಸದೆ ಸಾರ್ವಜನಿಕ ನ್ಯಾಸಕ್ಕೆ, ಅಂದರೆ ಟ್ರಸ್ಟಿಗೆ, ಒಪ್ಪಿಸುವ ಮಾದರಿಯನ್ನು ಹುಬ್ಬಳ್ಳಿಯಲ್ಲಿ ಕಣ್ಣಾರೆ ಕಂಡಿದ್ದ ವ್ಯಕ್ತಿಯ ಹೆಸರಿನಲ್ಲಿ ಬಂದ ವರದಿ, ಕೊನೆಗೆ ಪ್ರತಿಗಳ ಎಣಿಕೆಯ ಪಟ್ಟಿಯಾಗಿ ನೆನಪುಳಿದದ್ದು ಸ್ವಲ್ಪ ವಿಪರ್ಯಾಸವೇ.

ಆಗಿನ ಮುಖ್ಯ ಕೊಡುಗೆ ಕಾಗದ. ಪತ್ರಿಕೆ ಮುದ್ರಿಸುವ ಕಾಗದ, ಅಂದರೆ ನ್ಯೂಸ್‌ಪ್ರಿಂಟ್, ಬಹುಪಾಲು ವಿದೇಶದಿಂದ ಬರುತ್ತಿತ್ತು. 1962ರ ನಿಯಂತ್ರಣ ಆದೇಶದಡಿ ಅದನ್ನು ಸರ್ಕಾರವೇ ಕೋಟಾ ಮಾಡಿ ಹಂಚುತ್ತಿತ್ತು. ದೊಡ್ಡ ಪತ್ರಿಕೆಗಳನ್ನು ಹತ್ತು ಪುಟಕ್ಕೆ ಮಿತಿಗೊಳಿಸಿದ 1972–73ರ ಕಾಗದ ನೀತಿಯನ್ನು ಬೆನೆಟ್ ಕೋಲ್ಮನ್ ಎಂಬ ಪತ್ರಿಕಾ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. 1980ರ ದಶಕದ ಆರಂಭದಲ್ಲಿ ಕಾಗದಕ್ಕೆ ಆಮದು ಸುಂಕ ಬಿದ್ದಾಗ 15,000ಕ್ಕಿಂತ ಕಡಿಮೆ ಪ್ರಸಾರದ ಪತ್ರಿಕೆಗಳಿಗೆ ಅದರಿಂದ ಬಿಡುಗಡೆ ಸಿಕ್ಕಿತು. ನ್ಯಾಯಮೂರ್ತಿ ಕೆ. ಕೆ. ಮ್ಯಾಥ್ಯೂ ಅಧ್ಯಕ್ಷತೆಯ ಎರಡನೆಯ ಪ್ರೆಸ್ ಆಯೋಗ 1982ರಲ್ಲಿ ಪತ್ರಿಕಾ ಅಭಿವೃದ್ಧಿ ಆಯೋಗವೊಂದನ್ನು ಸ್ಥಾಪಿಸಬೇಕೆಂದು ಶಿಫಾರಸು ಮಾಡಿತು. ಅದು ಸ್ಥಾಪನೆಯಾಗಲಿಲ್ಲ.

ಉಳಿದದ್ದು ಜಾಹೀರಾತು, ಕ್ರಮೇಣ ಅದೇ ಎಲ್ಲವೂ ಆಯಿತು. ಕೇಂದ್ರ ಸರ್ಕಾರದ ಜಾಹೀರಾತುಗಳನ್ನು ಬಿಡುಗಡೆ ಮಾಡುವ ಡಿಎವಿಪಿ, ಅಂದರೆ ಜಾಹೀರಾತು ಮತ್ತು ದೃಶ್ಯ ಪ್ರಚಾರ ನಿರ್ದೇಶನಾಲಯ, 1955ರಲ್ಲಿ ಪ್ರತ್ಯೇಕ ಕಚೇರಿಯಾಗಿ, ಹಲವು ಮರುಜೋಡಣೆಗಳ ನಂತರ ಈಗ ಕೇಂದ್ರೀಯ ಸಂವಹನ ಬ್ಯೂರೊ ಆಗಿದೆ. ಈ ಹಣದ ಕೈ ಬೆನ್ನು ತಟ್ಟಬಲ್ಲದು, ಕತ್ತನ್ನೂ ಹಿಸುಕಬಲ್ಲದು ಎಂಬುದಕ್ಕೆ ತುರ್ತುಪರಿಸ್ಥಿತಿ ಸಾಕ್ಷಿ: ಆಗ ಪತ್ರಿಕೆಗಳನ್ನು ಸ್ನೇಹಿ, ವಿರೋಧಿ, ತಟಸ್ಥ ಎಂದು ವರ್ಗೀಕರಿಸಿ ಜಾಹೀರಾತು ಹಂಚಲಾಗಿತ್ತೆಂಬುದನ್ನು 1977ರ ಶ್ವೇತಪತ್ರ ದಾಖಲಿಸಿತು. ಆ ಬಳಿಕ ಬಂದ ನೀತಿಗಳೆಲ್ಲ ಅಧಿಕಾರಿಯ ಮರ್ಜಿಯನ್ನು ತಗ್ಗಿಸಿ ಅಂಕಿಯನ್ನು ಕೂರಿಸುವ ಪ್ರಯತ್ನಗಳು. 25,000 ಪ್ರತಿಯವರೆಗೆ ಸಣ್ಣದು, 75,000ದವರೆಗೆ ಮಧ್ಯಮ, ಅದರಾಚೆ ದೊಡ್ಡದು ಎಂದು ವಿಂಗಡಿಸಿ, ಒಟ್ಟು ಹಣದಲ್ಲಿ ಸಣ್ಣವಕ್ಕೆ ಶೇ. 15, ಮಧ್ಯಮದವಕ್ಕೆ ಶೇ. 35 ಎಂದು ಪಾಲು ಗೊತ್ತುಮಾಡಲಾಯಿತು. 2016ರ ನೀತಿ ಇನ್ನೂ ಮುಂದೆ ಹೋಗಿ ನೂರು ಅಂಕಗಳ ಪರೀಕ್ಷೆಯನ್ನೇ ತಂದಿತು: ಪ್ರಸಾರ ಸಂಖ್ಯೆಯ ಪ್ರಮಾಣೀಕರಣಕ್ಕೆ 25, ನೌಕರರ ಭವಿಷ್ಯ ನಿಧಿಗೆ 20, ಪುಟಗಳ ಸಂಖ್ಯೆಗೆ 20, ಸುದ್ದಿ ಸಂಸ್ಥೆಯ ಚಂದಾಕ್ಕೆ 15, ಸ್ವಂತ ಮುದ್ರಣಾಲಯಕ್ಕೆ 10, ಪ್ರೆಸ್ ಕೌನ್ಸಿಲ್ಲಿಗೆ ಸಲ್ಲಿಸುವ ಶುಲ್ಕಕ್ಕೆ 10. ಸಂಪಾದಕ, ವರದಿಗಾರ, ಜಾಹೀರಾತು ಸಂಗ್ರಾಹಕ ಈ ಮೂರೂ ಒಬ್ಬನೇ ಆಗಿರುವ ಡೊಂಬಿವಲಿಯ ಒಂದು ವಾರಪತ್ರಿಕೆಗೆ ಭವಿಷ್ಯ ನಿಧಿಯ ಖಾತೆ ಎಲ್ಲಿಂದ ಬರಬೇಕು? ಹುಸಿ ಪ್ರಸಾರ ತೋರಿಸಿ ಹಣ ಪಡೆಯುವ ‘ಫೈಲ್ ಕಾಪಿ’ ಪತ್ರಿಕೆಗಳನ್ನು, ಅಂದರೆ ಕಚೇರಿಯ ಕಡತಕ್ಕೆ ಬೇಕಾದಷ್ಟೇ ಪ್ರತಿ ಅಚ್ಚುಹಾಕುವವನ್ನು, ಹೊರಗಿಡಲು ಇಂಥ ಪರೀಕ್ಷೆ ಅಗತ್ಯವಾಗಿತ್ತು ಎಂಬ ವಾದದಲ್ಲಿ ಹುರುಳಿದೆ. ಆದರೆ ನಿಜವಾಗಿ ಬಡವಾದ ಪತ್ರಿಕೆಯೂ ಸುಳ್ಳು ಪತ್ರಿಕೆಯೂ ಈ ಅಂಕಪಟ್ಟಿಯಲ್ಲಿ ಒಂದೇ ಸಾಲಿಗೆ ಬಂದು ನಿಲ್ಲುತ್ತವೆ.

ಥಾಣೆ–ಕಲ್ಯಾಣ್ ಸೀಮೆಯ ಮರಾಠಿ ಪತ್ರಿಕೆಗಳು ಉಸಿರಾಡಿದ್ದು ದೆಹಲಿಯ ಈ ಹಣದಿಂದ ಅಷ್ಟಾಗಿ ಅಲ್ಲ, ಮನೆಬಾಗಿಲಿನ ನಗರಪಾಲಿಕೆಗಳಿಂದ. 1982ರಲ್ಲಿ ಮುಂಬ್ರಾವನ್ನೂ ಒಳಗೊಂಡು ಥಾಣೆ ಮಹಾನಗರಪಾಲಿಕೆ, 1983ರಲ್ಲಿ ಇಂದಿನ ಕಲ್ಯಾಣ್–ಡೊಂಬಿವಲಿ ಮಹಾನಗರಪಾಲಿಕೆ, 1992ರಲ್ಲಿ ನವಿಮುಂಬಯಿಯದು ಕೆಲಸ ಆರಂಭಿಸಿದವು. ಒಂದೇ ದಶಕದಲ್ಲಿ ಟೆಂಡರು ಕರೆಯುವ, ತೆರಿಗೆಯ ಸೂಚನೆ ಹೊರಡಿಸುವ ಮೂರು ದೊಡ್ಡ ಕಚೇರಿಗಳು ಈ ಸೀಮೆಗೆ ಸಿಕ್ಕಂತಾಯಿತು. ನರೇಂದ್ರ ಬಲ್ಲಾಳರು 1970ರ ದಶಕದಲ್ಲಿ ಕಟ್ಟಿದ ‘ಥಾಣೆ ವೈಭವ’ ದೈನಿಕ ಮುಂಬಯಿಯ ದೊಡ್ಡ ಪತ್ರಿಕೆಗಳ ನೆರಳಿನಲ್ಲಿಯೂ ಬೆಳೆದದ್ದಕ್ಕೆ ಸ್ಥಳೀಯ ಸುದ್ದಿಯ ಹಸಿವು ಮುಖ್ಯ ಕಾರಣ. ಆದರೂ ಸ್ಥಳೀಯ ಸಂಸ್ಥೆಗಳ ನೋಟಿಸುಗಳು ಇಲ್ಲದ ಊರಿನಲ್ಲಿ ಇಂಥ ದೈನಿಕ ಬಾಳುವುದು ಕಷ್ಟ. ಮಹಾರಾಷ್ಟ್ರ ಸರ್ಕಾರ ಮಾನ್ಯತೆ ಪಡೆದ ಪತ್ರಿಕೆಗಳ ಯಾದಿ, ಅಂದರೆ ಪಟ್ಟಿ, ಇಟ್ಟುಕೊಂಡು ಅ, ಬ, ಕ ಎಂದು ವರ್ಗ ಮಾಡುತ್ತದೆ, ಆ ಪಟ್ಟಿಯಲ್ಲಿದ್ದ ಪತ್ರಿಕೆಗಳಿಗೆ ಜಾಹೀರಾತು ಸರದಿಯಂತೆ ಬರುತ್ತದೆ. ಪತ್ರಕರ್ತರು ಇದನ್ನು ‘ರೋಟೇಶನ್’ ಎನ್ನುತ್ತಾರೆ. ಸರದಿ ಬರುವುದು ಒಂದು ಮಾತು, ಬಿಲ್ಲು ಪಾಸಾಗಿ ಹಣ ಕೈಸೇರುವುದು ಇನ್ನೊಂದು ಮಾತು ಎಂಬುದು ಈ ಕಸುಬಿನಲ್ಲಿ ಎಲ್ಲರೂ ಬಲ್ಲ ಸಂಗತಿ.

ಕಾನೂನೇ ಕಡ್ಡಾಯಗೊಳಿಸಿದ ನೋಟಿಸಿನ ಮಹತ್ವ ಇಲ್ಲಿ ಇನ್ನೂ ಹೆಚ್ಚು. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ, ಅಂದರೆ ನಗರ ಮತ್ತು ಔದ್ಯೋಗಿಕ ವಿಕಾಸ ನಿಗಮ, ನವಿಮುಂಬಯಿಗಾಗಿ ಥಾಣೆ, ಪನವೇಲ್, ಉರಣ್ ತಾಲೂಕುಗಳ ಹಳ್ಳಿಗಳ ಜಮೀನನ್ನು ಸ್ವಾಧೀನಪಡಿಸಿಕೊಂಡಿತು. 1984ರ ಜನವರಿಯಲ್ಲಿ ದಿ. ಬಾ. ಪಾಟೀಲರ ನಾಯಕತ್ವದ ರೈತ ಚಳವಳಿಯ ಮೇಲೆ ಜಾಸಯಿಯ ಬಳಿ ಗೋಲಿಬಾರ್ ನಡೆದು ಐವರು ಪ್ರಾಣ ಕಳೆದುಕೊಂಡರು. ಅದೇ ವರ್ಷ 1894ರ ಭೂಸ್ವಾಧೀನ ಕಾಯಿದೆಗೆ ಬಂದ ತಿದ್ದುಪಡಿ, ಆ ಪ್ರದೇಶದಲ್ಲಿ ಪ್ರಸಾರವಿರುವ ಎರಡು ದಿನಪತ್ರಿಕೆಗಳಲ್ಲಿ, ಅವುಗಳಲ್ಲಿ ಒಂದಾದರೂ ಪ್ರಾದೇಶಿಕ ಭಾಷೆಯದಾಗಿರುವಂತೆ, ಸ್ವಾಧೀನದ ಪ್ರಕಟಣೆ ಬರಬೇಕೆಂದು ವಿಧಿಸಿತು. 2013ರ ಹೊಸ ಕಾಯಿದೆಯೂ ಇದನ್ನು ಉಳಿಸಿಕೊಂಡಿತು. ಎರಡು ಘಟನೆಗಳಿಗೂ ನೇರ ಸಂಬಂಧ ಕಲ್ಪಿಸುವುದು ತಪ್ಪಾದೀತು, ಆದರೆ ಜಮೀನು ಕಳೆದುಕೊಳ್ಳುವವನಿಗೆ ಅವನ ಊರಿನ ಪತ್ರಿಕೆಯಲ್ಲಿ ಮೊದಲು ತಿಳಿಸಬೇಕೆಂಬ ನಿಯಮ ಎಂಥ ನೆಲದಲ್ಲಿ ಅರ್ಥ ಪಡೆಯುತ್ತದೆಂಬುದಕ್ಕೆ ಜಾಸಯಿಗಿಂತ ಬೇರೆ ನಿದರ್ಶನ ಬೇಡ. ಈ ನೋಟಿಸಿನ ಹಣ ದಾನವಲ್ಲ. ನಾಗರಿಕನ ಹಕ್ಕಿಗೆ ತಗಲುವ ವೆಚ್ಚ. ಪತ್ರಿಕೆಗೆ ಸಲ್ಲುವ ಸಾರ್ವಜನಿಕ ಹಣಕ್ಕೆ ಇದಕ್ಕಿಂತ ಗೌರವದ ಸಮರ್ಥನೆ ಇನ್ನೊಂದಿಲ್ಲ.

ಆದರೆ ಪ್ರಾದೇಶಿಕ ಭಾಷೆ ಎಂದರೆ ಇಲ್ಲಿ ಮರಾಠಿ. ಮಿಕ್ಕ ಭಾಷೆಗಳ ಪಾಡೇನು ಎಂಬ ಪ್ರಶ್ನೆಗೆ ಮುಂಬ್ರಾದಲ್ಲಿ ಒಂದು ಉತ್ತರ ಸಿಗುತ್ತದೆ. 1992–93ರ ಮುಂಬಯಿ ಗಲಭೆಗಳ ನಂತರ ನಗರದಿಂದ ಹೊರಬಿದ್ದ ಮುಸ್ಲಿಂ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿ ಬೆಳೆದ ಈ ಊರು, 1938ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ‘ಇನ್ಕಿಲಾಬ್’, ‘ಉರ್ದು ಟೈಮ್ಸ್’ ಮೊದಲಾದ ಉರ್ದು ದೈನಿಕಗಳಿಗೆ ಓದುಗರ ನೆಲೆಯಾಯಿತು. ಉರ್ದು ಪತ್ರಿಕೆಗೆ ಕೇಂದ್ರದ ನೀತಿಯಲ್ಲಿ ಎರಡು ವಿಶೇಷ ಆಸರೆಗಳಿದ್ದವು. ಒಂದು, ಇತರ ಭಾಷೆಗಳ ಪತ್ರಿಕೆಗಳು ಕೇಂದ್ರದ ಜಾಹೀರಾತು ಪಡೆಯಲು ಕನಿಷ್ಠ 2,000 ಪ್ರತಿ ತೋರಿಸಬೇಕಾಗಿದ್ದರೆ, ಉರ್ದು, ಸಿಂಧಿ, ಕೊಂಕಣಿ, ಸಂಸ್ಕೃತ ಮೊದಲಾದವಕ್ಕೆ 500 ಸಾಕಾಗಿತ್ತು. ಇನ್ನೊಂದು, 1992ರಲ್ಲಿ ಆರಂಭವಾದ, ಯುಎನ್‌ಐ ಸುದ್ದಿ ಸಂಸ್ಥೆಯ ಉರ್ದು ಸೇವೆಗೆ ಚಂದಾ ಕಟ್ಟಲು ಸಣ್ಣ ಉರ್ದು ಪತ್ರಿಕೆಗಳಿಗೆ ರಾಷ್ಟ್ರೀಯ ಉರ್ದು ಭಾಷಾ ಅಭಿವೃದ್ಧಿ ಪರಿಷತ್ತು ಹಣ ಒದಗಿಸಿತು. ಕಲ್ಯಾಣಿನ ಪಕ್ಕದ ಉಲ್ಹಾಸನಗರದಲ್ಲಿ, ದೇಶವಿಭಜನೆಯ ನಂತರ ಬಂದು ಸೈನಿಕ ಶಿಬಿರದಲ್ಲಿ ನೆಲೆಸಿದ ಸಿಂಧಿಗಳಿಗೂ ಇಂಥದೇ ಸಡಿಲಿಕೆ ಅನ್ವಯಿಸಿತು. ಈ ಪಟ್ಟಿಯ ಹಿಂದಿನ ತರ್ಕ ಸರಳ: ತನ್ನದೆಂಬ ದೊಡ್ಡ ರಾಜ್ಯವಿಲ್ಲದ, ಇಲ್ಲವೇ ಹರಡಿಕೊಂಡ ಭಾಷೆಗೆ ಸಂಖ್ಯೆಯ ಅಳತೆ ಒಪ್ಪುವುದಿಲ್ಲ. ಕನ್ನಡಕ್ಕೆ ರಾಜ್ಯವಿದೆ, ಆದ್ದರಿಂದ ಡೊಂಬಿವಲಿಯ ಓದುಗರಿಗೆ ಹೊರಡುವ ಕನ್ನಡ ಪತ್ರಿಕೆಯನ್ನು ಹುಬ್ಬಳ್ಳಿಯ ಪತ್ರಿಕೆಯಂತೆಯೇ ಅಳೆಯಲಾಯಿತು. ಉರ್ದುವಿಗೆ ಕೊಟ್ಟದ್ದು ಹೆಚ್ಚಾಯಿತೆಂದು ಇದರ ಅರ್ಥವಲ್ಲ. ಆಸರೆಯನ್ನು ಭಾಷೆಗೆ ಕೊಡಲಾಯಿತೇ ಹೊರತು ಭಾಷಿಕರ ಸ್ಥಿತಿಗೆ ಕೊಡಲಿಲ್ಲ ಎಂಬುದಷ್ಟೇ ಇಲ್ಲಿನ ಅಂಶ.

ಆ ಭಾಷಿಕರು ಈ ಸೀಮೆಗೆ ಬಂದದ್ದು ಹಂತಹಂತವಾಗಿ. ಕರಾವಳಿಯಿಂದ ಹೋಟೆಲು, ಬ್ಯಾಂಕು, ಗಿರಣಿ, ಕಚೇರಿಗಳ ಕೆಲಸಕ್ಕೆ ಮುಂಬಯಿ ಸೇರಿದ ಕುಟುಂಬಗಳು ದ್ವೀಪನಗರದ ಬಾಡಿಗೆ ತಾಳದೆ ರೈಲು ಹಳಿಯ ಗುಂಟ ಡೊಂಬಿವಲಿ, ಕಲ್ಯಾಣ್‌ಗಳಿಗೆ ಸರಿದವು, ನೆರೂಳ್, ವಾಶಿಗಳಲ್ಲಿ ಸಿಡ್ಕೊ ಮನೆಗಳು ಬಂದಾಗ ಇನ್ನಷ್ಟು ಜನ ಅತ್ತ ಹೋದರು. ಹೋದಲ್ಲೆಲ್ಲ ಸಂಘ ಕಟ್ಟಿದರು. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ನಡೆಸಿತು, ಥಾಣೆಯ ನವೋದಯ ಕನ್ನಡ ಸೇವಾ ಸಂಘವೂ ಶಾಲೆ ತೆರೆಯಿತು. ಪತ್ರಿಕೆಗಳ ವಿಷಯದಲ್ಲಿ ಇವರ ಪರಂಪರೆ ಇನ್ನೂ ಹಳೆಯದು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯ ‘ಮೊಗವೀರ’, ಬಿಲ್ಲವರ ಎಸೋಸಿಯೇಶನ್ನಿನ ‘ಅಕ್ಷಯ’, ಬಂಟರ ಸಂಘದ ‘ಬಂಟರವಾಣಿ’, ಮೈಸೂರು ಎಸೋಸಿಯೇಶನ್ನಿನ ‘ನೇಸರು’ ಮುಂತಾದ ಮಾಸಿಕಗಳು ಸಮುದಾಯದ ಹಣದಿಂದ, ಆಜೀವ ಸದಸ್ಯರ ಚಂದಾದಿಂದ, ಹೋಟೆಲು ಮಾಲಕರ ಜಾಹೀರಾತಿನಿಂದ ನಡೆದವು. ಸರ್ಕಾರದ ಪಟ್ಟಿಯಲ್ಲಿ ಇವು ‘ಸಂಸ್ಥೆಯ ಮುಖವಾಣಿ’ಗಳು, ಸುದ್ದಿ ಪತ್ರಿಕೆಗಳಲ್ಲ. ಆದರೆ ಮುಂಬಯಿ ಕನ್ನಡದ ಕತೆಗಾರರು, ಕವಿಗಳು, ವಿಮರ್ಶಕರು ಬರೆದದ್ದು ಈ ಮುಖವಾಣಿಗಳಲ್ಲಿಯೇ.

ದೈನಿಕದ ಕತೆ ಇದಕ್ಕಿಂತ ವಿಚಿತ್ರ. ಮಣಿಪಾಲದ ‘ಉದಯವಾಣಿ’ಯ ಮುಂಬಯಿ ಆವೃತ್ತಿಯ ಜೊತೆಗೆ ಈ ಸೀಮೆಯ ಕನ್ನಡಿಗರು ಓದುವ ‘ಕರ್ನಾಟಕ ಮಲ್ಲ’ವನ್ನು ಸ್ಥಾಪಿಸಿದವರು ಕನ್ನಡಿಗರಲ್ಲ, ಜುನ್ನರ್ ಕಡೆಯಿಂದ ಮುಂಬಯಿಗೆ ಬಂದು ಪತ್ರಿಕೆ ಮಾರಾಟ, ಹಂಚಿಕೆಯ ಕೆಲಸದಿಂದ ಮೇಲೆ ಬಂದ ಮರಾಠಿಗ ಮುರಳೀಧರ ಶಿಂಗೋಟೆ. ಮರಾಠಿಯಲ್ಲಿ ‘ಮುಂಬಯಿ ಚೌಫೇರ್’, ‘ಪುಣ್ಯನಗರಿ’, ಹಿಂದಿಯಲ್ಲಿ ‘ಯಶೋಭೂಮಿ’, ತಮಿಳಿನಲ್ಲಿ ‘ತಮಿಳ್ ಟೈಮ್ಸ್’, ಕನ್ನಡದಲ್ಲಿ ಇದು. ಯಾವ ಪ್ಲಾಟ್‌ಫಾರ್ಮಿನಲ್ಲಿ ಯಾವ ಭಾಷೆಯ ಗಿರಾಕಿ ಬರಿಗೈಯಲ್ಲಿ ಹೋಗುತ್ತಾನೆಂಬುದನ್ನು ಅಂಗಡಿಯ ಈಚೆಯಿಂದ ಕಂಡವನಿಗೆ, ಯಾವ ಆಯೋಗದ ವರದಿಯೂ ಹೇಳದ ಸಂಗತಿ ತಿಳಿದಿತ್ತು. ಚಂದ್ರಶೇಖರ ಪಾಲೆತ್ತಾಡಿಯವರು ದೀರ್ಘಕಾಲ ಸಂಪಾದಕರಾಗಿದ್ದ ಈ ಪತ್ರಿಕೆ ಒಂದೇ ಮುದ್ರಣ, ಒಂದೇ ಹಂಚಿಕೆಯ ಜಾಲವನ್ನು ಹಲವು ಭಾಷೆಗಳು ಹಂಚಿಕೊಂಡದ್ದರಿಂದ ಬಾಳಿತು. ಅದರ ಪುಟಗಳನ್ನು ತುಂಬಿದ ಜಾಹೀರಾತು ಬೇರೆ ಬಗೆಯದು: ಯಕ್ಷಗಾನ ಬಯಲಾಟ, ಶನಿಪೂಜೆ, ಊರಿನ ನೇಮೋತ್ಸವ, ಸಂಘದ ಮಹಾಸಭೆ, ಶ್ರದ್ಧಾಂಜಲಿ, ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಆಮಂತ್ರಣ. ಟೆಂಡರ್ ನೋಟಿಸು ಮರಾಠಿ ದೈನಿಕವನ್ನು ಹೇಗೆ ಹೊತ್ತಿತೋ ಹಾಗೆ ಇವು ಕನ್ನಡ ದೈನಿಕವನ್ನು ಹೊತ್ತವು.

ಇನ್ನು ಎರಡು ರಾಜ್ಯಗಳ ಲೆಕ್ಕ. ಮಹಾರಾಷ್ಟ್ರ ಕನ್ನಡ ಮಾಧ್ಯಮದ ಶಾಲೆಗಳಿಗೆ ಅನುದಾನ ಕೊಟ್ಟಿದೆ, ಮುಂಬಯಿ ಮಹಾನಗರಪಾಲಿಕೆ ತಾನೇ ಕನ್ನಡ ಶಾಲೆಗಳನ್ನು ನಡೆಸಿದೆ, ಏಕೆಂದರೆ ಭಾಷಾ ಅಲ್ಪಸಂಖ್ಯಾತರ ಮಕ್ಕಳ ಶಿಕ್ಷಣ ಸಂವಿಧಾನದಲ್ಲಿಯೇ ಹೆಸರಿಸಿದ ಹೊಣೆ. ಆ ಮಕ್ಕಳು ಬೆಳೆದು ಓದಬೇಕಾದ ಪತ್ರಿಕೆ ಅಂಥ ಹೊಣೆಯಲ್ಲ. ಕರ್ನಾಟಕ ತನ್ನ ವಾರ್ತಾ ಇಲಾಖೆಯ ಮಾಧ್ಯಮ ಪಟ್ಟಿಯ ಮೂಲಕ ಜಾಹೀರಾತು ಕೊಡುತ್ತದೆ, ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಗಳ ಮೂಲಕ ಹೊರನಾಡಿನ ಸಂಸ್ಥೆಗಳಿಗೆ ಕಟ್ಟಡಕ್ಕೂ ಉತ್ಸವಕ್ಕೂ ಹಣ ಒದಗಿಸುತ್ತದೆ. ಆದರೆ ಟೆಂಡರು, ನೇಮಕಾತಿ, ಯೋಜನೆಗಳ ಜಾಹೀರಾತಿನ ಸಹಜ ಗುರಿ ಆ ರಾಜ್ಯದ ಪ್ರಜೆ, ಕಲ್ಯಾಣಿನ ಮತದಾರನಲ್ಲ. ಥಾಣೆಯ ಪಾಲಿಕೆಗೆ ತೆರಿಗೆ ಕಟ್ಟುವ ಕನ್ನಡಿಗ ಆ ಪಾಲಿಕೆಯ ಸೂಚನೆಯನ್ನು ಮರಾಠಿಯಲ್ಲಿ ಓದಬಲ್ಲ ಎಂಬುದು ಸತ್ಯವೇ. ಹೀಗಾಗಿ ಅವನ ಭಾಷೆಯ ಪತ್ರಿಕೆಗೆ ಸರ್ಕಾರದ ಹಣ ಸಲ್ಲಿಸಲು ಆಡಳಿತಕ್ಕೆ ಕಾರಣವೇ ಹುಟ್ಟುವುದಿಲ್ಲ: ಮಾಹಿತಿ ಅವನಿಗೆ ಹೇಗೂ ತಲುಪುತ್ತದೆ, ತಲುಪದೆ ಉಳಿಯುವುದು ಅವನ ಸಮುದಾಯದ ಸುದ್ದಿ, ಅದನ್ನು ಅಳೆಯುವ ಕೋಲು ಯಾವ ಇಲಾಖೆಯಲ್ಲೂ ಇಲ್ಲ.

2020ರ ಮಾರ್ಚಿನಲ್ಲಿ ಕೊರೊನಾ ಸೋಂಕಿನ ಕಾರಣ ಲೋಕಲ್ ರೈಲುಗಳು ನಿಂತಾಗ ಈ ಇಡೀ ಏರ್ಪಾಡು ಎಷ್ಟು ತೆಳುವಾದ ಬುಡದ ಮೇಲೆ ನಿಂತಿತ್ತೆಂಬುದು ಬಯಲಾಯಿತು. ಏಪ್ರಿಲ್ 18ರಂದು ಮಹಾರಾಷ್ಟ್ರ ಸರ್ಕಾರ ಪತ್ರಿಕೆ ಅಚ್ಚುಹಾಕುವುದಕ್ಕೆ ಅನುಮತಿ ಉಳಿಸಿ, ಮನೆಮನೆಗೆ ಹಂಚುವುದನ್ನು ನಿಷೇಧಿಸಿತು. ಕೆಲವೇ ದಿನಗಳಲ್ಲಿ ಬೇರೆಡೆ ಸಡಿಲವಾದರೂ ಮುಂಬಯಿ, ಪುಣೆ ಭಾಗಗಳಲ್ಲಿ ನಿರ್ಬಂಧ ಮುಂದುವರಿಯಿತು. ಯಕ್ಷಗಾನವಿಲ್ಲ, ಮಹಾಸಭೆಯಿಲ್ಲ, ಹೋಟೆಲುಗಳಿಗೆ ಬೀಗ. ಸಮುದಾಯದ ಜಾಹೀರಾತು ಒಂದೇ ಏಟಿಗೆ ನಿಂತಿತು. ಅದೇ ವರ್ಷದ ಆಗಸ್ಟಿನಲ್ಲಿ ಶಿಂಗೋಟೆಯವರು ತೀರಿಕೊಂಡರು. ಪತ್ರಿಕಾ ಮಾಲಕರ ಸಂಸ್ಥೆಯಾದ ಇಂಡಿಯನ್ ನ್ಯೂಸ್‌ಪೇಪರ್ ಸೊಸೈಟಿ ಕಾಗದದ ಮೇಲೆ ಉಳಿದಿದ್ದ ಶೇ. 5ರ ಆಮದು ಸುಂಕ ತೆಗೆಯಬೇಕು, ಸರ್ಕಾರಿ ಜಾಹೀರಾತಿನ ದರ ಏರಿಸಬೇಕು ಎಂದು ಕೇಂದ್ರವನ್ನು ಕೇಳಿತು. ಬೇರೆ ದೇಶಗಳು ಆ ಹೊತ್ತಿಗೆ ಬೇರೆ ದಾರಿ ಹಿಡಿದಿದ್ದವು: ಕೆನಡಾ 2018ರಲ್ಲಿ ಪತ್ರಿಕೋದ್ಯಮಕ್ಕಾಗಿ ಐದು ವರ್ಷಗಳಿಗೆ 59.5 ಕೋಟಿ ಡಾಲರುಗಳ ನೆರವು ಘೋಷಿಸಿತ್ತು. ಬ್ರಿಟನ್ನಿನಲ್ಲಿ ಬಿಬಿಸಿ ತನ್ನ ಪರವಾನಗಿ ಶುಲ್ಕದ ಹಣದಿಂದ, ಊರೂರಿನ ನಗರಸಭೆಗಳ ಕಲಾಪ ವರದಿಮಾಡುವ ಪತ್ರಕರ್ತರ ಸಂಬಳ ಕೊಟ್ಟು, ಅವರನ್ನು ಸ್ಥಳೀಯ ಪತ್ರಿಕೆಗಳಲ್ಲಿಯೇ ಇರಿಸಿತ್ತು. ಅಲ್ಲಿ ಅಳತೆಗೋಲು ಪ್ರತಿಗಳ ಸಂಖ್ಯೆಯಲ್ಲ, ಯಾವ ಸಭೆಗೆ ವರದಿಗಾರನಿಲ್ಲ ಎಂಬುದು.

ಭಾರತದಲ್ಲಿ ವ್ಯಕ್ತಿಗೆ ಸಿಗುವ ನೆರವು ಪತ್ರಿಕೆಗೆ ಸಿಗುವ ನೆರವಿಗಿಂತ ಬೇಗ ಬೆಳೆದಿದೆ. 1832ರಲ್ಲಿ ಮುಂಬಯಿಯಿಂದ ಮೊದಲ ಮರಾಠಿ ಪತ್ರಿಕೆ ‘ದರ್ಪಣ’ವನ್ನು ಹೊರಡಿಸಿದ ಬಾಳಶಾಸ್ತ್ರಿ ಜಾಂಭೇಕರರ ಹೆಸರಿನಲ್ಲಿ ಮಹಾರಾಷ್ಟ್ರ 2019ರಲ್ಲಿ ಆರಂಭಿಸಿದ ಹಿರಿಯ ಪತ್ರಕರ್ತರ ಸನ್ಮಾನ ಯೋಜನೆಯ ಮಾಸಿಕ ಮೊತ್ತ 11,000 ರೂಪಾಯಿಯಿಂದ 20,000ಕ್ಕೆ ಏರಿತು. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯಿದೆಯ ಜಾಗಕ್ಕೆ 2023ರ ಹೊಸ ಕಾಯಿದೆ ಬಂದು, 2024ರ ಮಾರ್ಚ್ 1ರಿಂದ ಪತ್ರಿಕೆಯ ನೋಂದಣಿ ಆನ್‌ಲೈನ್ ಆಯಿತು. ಟೆಂಡರುಗಳೂ ಆನ್‌ಲೈನಿಗೆ ಹೋದದ್ದರಿಂದ ಪಾಲಿಕೆಗಳ ನೋಟಿಸು ವಿವರಗಳನ್ನು ಜಾಲತಾಣದಲ್ಲಿ ನೋಡಿ ಎನ್ನುವ ಕೆಲವೇ ಸಾಲುಗಳಿಗೆ ಇಳಿಯುತ್ತಿದೆ, ಅಳತೆ ಕುಗ್ಗಿದಂತೆ ಬಿಲ್ಲೂ ಕುಗ್ಗುತ್ತಿದೆ. 2025ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಜಾಹೀರಾತು ದರವನ್ನು ಶೇ. 26ರಷ್ಟು ಏರಿಸಿ, ಒಂದು ಲಕ್ಷ ಪ್ರತಿಯ ದೈನಿಕದ ಕಪ್ಪುಬಿಳುಪು ಪುಟದಲ್ಲಿ ಒಂದು ಚದರ ಸೆಂಟಿಮೀಟರಿಗೆ 47.40 ರೂಪಾಯಿ ಇದ್ದದ್ದನ್ನು 59.68 ರೂಪಾಯಿ ಮಾಡಿತು. ದರಪಟ್ಟಿಯ ಆಧಾರ ಈಗಲೂ ಪ್ರತಿಗಳ ಎಣಿಕೆಯೇ; ಕೇಂದ್ರದ ಪಟ್ಟಿಗೆ ಸೇರದ ಸಂಘಗಳ ಮಾಸಿಕಗಳಿಗೆ ಈ ಏರಿಕೆ ಅನ್ವಯಿಸುವುದಿಲ್ಲ. ಅವುಗಳ ಖರ್ಚು ಆಜೀವ ಸದಸ್ಯರ ಚಂದಾ, ಹೋಟೆಲು ಮಾಲಕರ ಜಾಹೀರಾತುಗಳ ಮೇಲೆಯೇ ನಿಂತಿದೆ.